ಹುಣ್ಣಿಮೆಯ ಹಾಲು, ಮುಳ್ಳುಚೆಂಡಿನ ಮೊಟ್ಟೆ

ಕಡಲಿನ ಮುಳ್ಳುಚೆಂಡಿನಲ್ಲಿ, ಪುಸ್ತಕದವರು ಸೀ ಅರ್ಚಿನ್ ಎನ್ನುವ ಪ್ರಾಣಿಯಲ್ಲಿ, ಗಂಡು ಯಾವುದು, ಹೆಣ್ಣು ಯಾವುದು ಎಂದು ಹೊರಗಿನಿಂದ ನೋಡಿ ಯಾರಿಗೂ ಹೇಳಲಾಗುವುದಿಲ್ಲ. ಎರಡಕ್ಕೂ ಅದೇ ಕಪ್ಪು ಮುಳ್ಳು, ಅದೇ ಗುಂಡು ಮೈ, ಅದೇ ಮುಂಗೋಪ. ಇದನ್ನು ಗತ್ತಿನಿಂದ ಹೇಳುವ ಹಕ್ಕು ನನಗಿದೆ. ಬೈಂದೂರಿನ ಕಡಲಬಂಡೆಗಳ ಸಂದಿಗೆ ಕೈಹಾಕಿ ಅವನ್ನು ಎಬ್ಬಿಸಿ ತಂದವನು ನಾನೇ. ಅವು ಸಹ ನನ್ನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಬಲ ಅಂಗೈಯಲ್ಲಿ ಏಳು ಮುಳ್ಳು ಮುರಿದು ಇಟ್ಟು ಕಳಿಸಿದವು.

ಎರಡು ಸಾವಿರದ ಹತ್ತನೇ ಇಸವಿ, ಜನವರಿ ಕೊನೆಯ ಶನಿವಾರ, ಹುಣ್ಣಿಮೆ. ಹುಣ್ಣಿಮೆಯ ದಿನ ಬೆಳಿಗ್ಗೆ ಆರು ಗಂಟೆಗೆ ನೀರು ಎಲ್ಲಿಲ್ಲದಷ್ಟು ಹಿಂದೆ ಸರಿದು, ಬೇರೆ ದಿನ ಮುಳುಗಿರುವ ಬಂಡೆಗಳೂ ತಲೆ ಎತ್ತುತ್ತವೆ. ನಾನು ಅಂಥ ಒಂದು ಬಂಡೆಯ ಮೇಲೆ ಕಾಲು ಅಗಲಿಸಿ ನಿಂತು, ಬರುತ್ತಿದ್ದ ಅಲೆಗೆ ಬೆರಳು ತೋರಿಸಿ ಹೇಳಿದೆ:

“ಏಯ್ ಅಲೆ! ಬಂಡೆಗೆ ತಲೆ ಚಚ್ಚಿಕೊಳ್ಳೋಕೆ ಮೊದಲು ಕೇಳು. ಇಲ್ಲಿ ನಿಂತಿರೋನು ಅದಕ್ಕಿಂತ ಗಟ್ಟಿ!”

ಅಲೆ ಬಂದು ನನ್ನನ್ನು ಸೊಂಟದ ತನಕ ಒದ್ದೆ ಮಾಡಿತು.

“ಡೈಲಾಗ್ ಆಮೇಲ್ ಹೊಡಿ, ಮೊದ್ಲ್ ಬಕೆಟ್ ಹಿಡ್ಕೊ,” ಎಂದಳು ಅಕ್ಕ.

ಅಕ್ಕ ಅಂದರೆ ಪೂಜಿತಾ. ನನಗಿಂತ ಎರಡು ವರ್ಷ ದೊಡ್ಡವಳು, ಇಪ್ಪತ್ತು ವರ್ಷ ಗಂಭೀರ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಕಡೆಯ ವರ್ಷ. ನಮ್ಮ ಮನೆಯಲ್ಲಿ ಅಜ್ಜ ಬಲೆ ಬೀಸಿದವರು, ಅಪ್ಪ ಬೋಟಿಗೆ ಹೋಗುವವರು, ಅಮ್ಮ ಪೇಟೆಯಲ್ಲಿ ಮೀನು ಮಾರುವವಳು. ಕಡಲಿನಿಂದ ತಂದದ್ದನ್ನು ತಿನ್ನದೆ, ಮಾರದೆ, ಸುಮ್ಮನೆ ನೋಡುತ್ತಾ ಕೂತುಕೊಳ್ಳುವ ಮೊದಲಿಗಳು ಅಕ್ಕನೇ.

ಅವಳು ನೋಡುತ್ತಿದ್ದದ್ದು ಇಷ್ಟು. ನಮ್ಮ ಬಂಡೆಗಳಿಗೆ ಅಂಟಿರುವ ಒಂದು ಜಾತಿಯ ಕೆಂಪು ಪಾಚಿಯಲ್ಲಿ ಒಂದು ಪ್ರೋಟೀನು ಇದೆ. ಅದನ್ನು ಹಿಂಡಿ ತೆಗೆದು ಮುಳ್ಳುಚೆಂಡಿನ ಮೊಟ್ಟೆ ಇರುವ ನೀರಿಗೆ ಹಾಕಿದರೆ, ಅದು ಮೊಟ್ಟೆಯ ಮೈಮೇಲಿನ ಸಕ್ಕರೆಗೆ ಹೋಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಗಂಡಿನ ವೀರ್ಯ ಬಂದರೂ ಒಳಗೆ ಹೋಗಲು ದಾರಿಯಿಲ್ಲ. ಮೊಟ್ಟೆ ಒಡೆದು ಎರಡಾಗುವುದಿಲ್ಲ, ಮರಿಯಾಗುವುದಿಲ್ಲ. ನನಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ನಾಯಕಿಯ ಮನೆ ಬಾಗಿಲಲ್ಲಿ ರೌಡಿಗಳು ಕೈಕೈ ಹಿಡಿದು ನಿಂತಿದ್ದಾರೆ. ಹೀರೋ ಗೇಟಿನಾಚೆ ಹಾಡು ಹೇಳುತ್ತಾ ಸುತ್ತುತ್ತಿದ್ದಾನೆ. ಅಷ್ಟೇ ಕತೆ.

ಎರಡು ಸಲ ಅಕ್ಕ ಇದನ್ನು ಮಾಡಿ ನೋಡಿದ್ದಳು. ಎರಡೂ ಸಲ ರೌಡಿಗಳೇ ಗೆದ್ದಿದ್ದರು. ಆದರೆ ಅವಳ ಗೈಡು ಮಹಾಲಿಂಗ ಸರ್ ಒಪ್ಪಬೇಕಲ್ಲ. “ಎರಡು ಸಲ ಬಂದರೆ ಅದೃಷ್ಟ, ಮೂರು ಸಲ ಬಂದರೆ ಫಲಿತಾಂಶ,” ಎಂದು ಹೇಳಿ, ಮೂರನೆಯದನ್ನು ನೋಡಲು ತಾವೇ ಸಾಲಿಗ್ರಾಮದಿಂದ ಬಸ್ಸು ಹತ್ತಿ ಬರುವುದಾಗಿ ತಿಳಿಸಿದ್ದರು. ಕೊಚ್ಚಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅಕ್ಕನಿಗೆ ಒಂದು ಜಾಗ ಸಿಗುವ ಹಾಗಿತ್ತು. ಅದಕ್ಕೆ ಸರ್ ಬರೆಯುವ ಶಿಫಾರಸು ಪತ್ರ ಸೋಮವಾರದೊಳಗೆ ತಲುಪಬೇಕು. ಶನಿವಾರ ಮಧ್ಯಾಹ್ನ ಮೂರಕ್ಕೆ ಬಂದು, ನೋಡಿ, ಸರಿಯಿದ್ದರೆ ಪತ್ರ ಕೊಟ್ಟು, ಐದರ ಬಸ್ಸಿಗೆ ವಾಪಸು ಹೋಗುವುದು ಅವರ ಏರ್ಪಾಡು. ಸರಿಯಿಲ್ಲದಿದ್ದರೆ ಪತ್ರವಿಲ್ಲ.

ಮೊಟ್ಟೆಗಳು ಬಸ್ಸಿನಲ್ಲಿ ಕಾಲೇಜಿನ ತನಕ ಕುಲುಕಿಕೊಂಡು ಹೋದರೆ ಉಳಿಯುವುದಿಲ್ಲ. ಆದ್ದರಿಂದ ಕಾಲೇಜೇ ನಮ್ಮ ಮನೆಗೆ ಬಂದಿತ್ತು. ನಡುಕೋಣೆಯ ಮೇಜಿನ ಮೇಲೆ ಕಾಲೇಜಿನ ಸೂಕ್ಷ್ಮದರ್ಶಕ, ಮೀನಿನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸು, ಐಸಿನಲ್ಲಿ ಪಾಚಿಯ ಪ್ರೋಟೀನು ತುಂಬಿದ ಬೆರಳುದ್ದದ ಶೀಶೆಗಳು. ಈ ಶೀಶೆಗಳಲ್ಲಿ ಒಂದಕ್ಕೆ ನಾನು ಹಿಂದಿನ ವಾರ ‘ಅಜ್ಜಿಯ ಕೆಮ್ಮಿನ ಕಷಾಯ’ ಎಂದು ಚೀಟಿ ಅಂಟಿಸಿದ್ದೆ. ಅದಕ್ಕೂ ಮೊದಲು ಮಹಾಲಿಂಗ ಸರ್ ಧ್ವನಿಯಲ್ಲಿ ಫೋನು ಮಾಡಿ, “ಪೂಜಿತಾ, ನಿನ್ನ ಪ್ರಾಜೆಕ್ಟು ಫ್ರಿಜ್ಜಿನ ಸಮೇತ ಸುಟ್ಟುಹೋಯಿತಮ್ಮಾ,” ಎಂದಿದ್ದೆ. ಅಕ್ಕ ಅರ್ಧ ಗಂಟೆ ಅತ್ತಿದ್ದಳು. ಅದು ಸ್ವಲ್ಪ ಜಾಸ್ತಿಯಾಯಿತು ಎಂದು ಈಗ ಅನ್ನಿಸುತ್ತದೆ.

ಕಡಲಿನಿಂದ ಆರು ಮುಳ್ಳುಚೆಂಡು ಮತ್ತು ಒಂದು ಕೊಡ ಸಮುದ್ರದ ನೀರು ತಂದೆವು. ನೀರನ್ನು ಪಂಚೆಯಲ್ಲಿ ಸೋಸಿ, ಕೊಡವನ್ನು ಜಗುಲಿಯ ಮೇಲೆ ನೆರಳಲ್ಲಿಟ್ಟು, ಅಕ್ಕ ಸ್ನಾನಕ್ಕೆ ಹೋದಳು. ನಾನು ಐಸು ತರಲು ಹೋದೆ. ಮನೆಯಲ್ಲಿ ಉಳಿದದ್ದು ಸೀತು ಅಜ್ಜಿ ಒಬ್ಬರೇ.

ಒಂಬತ್ತು ಗಂಟೆಗೆ ಕೆಲಸ ಶುರು. ಮುಳ್ಳುಚೆಂಡಿಗೆ ಒಂದು ಸೂಜಿಮದ್ದು ಕೊಟ್ಟು ಲೋಟದ ಮೇಲೆ ಬೋರಲು ಹಾಕಿದರೆ ಅದು ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಹಳದಿ ಇಳಿದರೆ ಮೊಟ್ಟೆ, ಹೆಣ್ಣು. ಬಿಳಿ ಇಳಿದರೆ ಗಂಡು. ನಾಲ್ಕು ಮುಳ್ಳುಚೆಂಡಿಗೆ ಮದ್ದು ಕೊಟ್ಟು, ಎರಡನ್ನು ಆಪತ್ತಿಗಿರಲಿ ಎಂದು ಬಕೆಟ್ಟಿನಲ್ಲೇ ಬಿಟ್ಟೆವು. ಕೊಡದ ನೀರು ತುಸು ಮಬ್ಬಾಗಿ ಕಂಡಿತು. ಅಲೆ ಎಬ್ಬಿಸಿದ ಹೊಯ್ಗೆ, ಆ ನುಣ್ಣನೆ ಮರಳು, ಕದಡಿರಬೇಕು ಎಂದುಕೊಂಡೆವು. ಗಾಜಿನ ತಟ್ಟೆಗಳಿಗೆ ಅದೇ ನೀರು ಹಾಕಿ, ಮೊಟ್ಟೆ ಬಿಟ್ಟು, ಅರ್ಧ ತಟ್ಟೆಗಳಿಗೆ ಪಾಚಿಯ ಪ್ರೋಟೀನು ಸೇರಿಸಿ, ಆಮೇಲೆ ಎಲ್ಲದಕ್ಕೂ ವೀರ್ಯ ಹನಿಸಿದಳು ಅಕ್ಕ.

ಹತ್ತೂವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಕಣ್ಣು ತೆಗೆಯಲೇ ಇಲ್ಲ.

“ಎಂತ ಆಯ್ತೇ?” ಎಂದೆ.

“ಒಡದಿತ್ತ್.”

“ಬರೀ ನೀರಿನ ತಟ್ಟಿಯೊಳ್ಗೆ ಒಡಿಯುಕೇ ಬೇಕಲೆ?”

“ಪಾಚಿ ಹಾಕಿದ್ ತಟ್ಟಿಯೊಳ್ಗೂ ಒಡದಿತ್ತ್.”

ನಾನೂ ಇಣುಕಿದೆ. ಒಂದೊಂದು ಮೊಟ್ಟೆಯೂ ನೀಟಾಗಿ ಎರಡು, ಕೆಲವು ನಾಲ್ಕು. ಹೀರೋಗಳೆಲ್ಲ ಒಳಗೆ ಹೋಗಿ, ಮದುವೆಯಾಗಿ, ಸಂಸಾರ ಹೂಡಿದ್ದರು. ರೌಡಿಗಳ ಪತ್ತೆಯೇ ಇರಲಿಲ್ಲ.

ಅಕ್ಕ ಮೆಲ್ಲಗೆ ನನ್ನ ಕಡೆ ತಿರುಗಿದಳು. ಆ ತಿರುಗುವಿಕೆಗೆ ಹಿನ್ನೆಲೆ ಸಂಗೀತವೊಂದೇ ಕಡಿಮೆ.

“ಶೀಶಿಯೊಳ್ಗೆ ಎಂತ ಹಾಕಿದೆ?”

“ನಾನಾ? ಎಂತದೂ ಹಾಕ್ಲಿಲ್ಲೆ ಮಾರಾಯ್ತಿ!”

“ಜಿತ್ತು, ಸುಳ್ ಹೇಳ್ಬ್ಯಾಡ. ಪಾಚಿದ್ ಚೆಲ್ಲಿ ಬರೀ ನೀರ್ ತುಂಬ್ಸಿಟ್ಟಿದೆ ಅಲ್ದಾ?”

“ಅಜ್ಜಿ ಮೇಲಾಣೆ ಇಲ್ಲೆ! ಈ ಜಿತೇಂದ್ರ ತಮಾಷಿ ಮಾಡ್ತ, ಆದ್ರೆ ಅಕ್ಕನ ಬಾಳಿಗೆ ಬೆಂಕಿ...”

“ಡೈಲಾಗ್ ಬ್ಯಾಡ!” ಅವಳು ಪೆನ್ನನ್ನು ಮೇಜಿಗೆ ಕುಕ್ಕಿದಳು. “ಮೂರ್ ಗಂಟಿಗ್ ಸರ್ ಬತ್ರ್. ನಾನ್ ಅವ್ರಿಗ್ ಎಂತ ತೋರ್ಸುದ್? ಎರಡ್ ವರ್ಷ ಕೆಲ್ಸ ಮಾಡಿದೆ ಜಿತ್ತು. ನಿಂಗ್ ಎಲ್ಲದೂ ನೆಗಾಡುಕೇ.”

ಇಪ್ಪತ್ತೆರಡು ವರ್ಷದ ನನ್ನ ಕೀಟಲೆಯ ಬದುಕಿನಲ್ಲಿ ಮೊದಲ ಸಲ ನಾನು ನಿರಪರಾಧಿಯಾಗಿದ್ದೆ, ಅದನ್ನು ನಂಬುವವರು ಯಾರೂ ಇರಲಿಲ್ಲ. ಇದಕ್ಕಿಂತ ಅನ್ಯಾಯ ಇನ್ನೊಂದಿಲ್ಲ. ಮಾಡಿದ ತಪ್ಪಿಗೆ ಬೈಸಿಕೊಳ್ಳುವುದರಲ್ಲಿ ಒಂದು ಸುಖವಿದೆ, ಮಾಡದ ತಪ್ಪಿಗೆ ಬೈಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ನಿಜವಾದ ಅಪರಾಧಿಯನ್ನು ಹಿಡಿದೇ ತೀರುತ್ತೇನೆ ಎಂದು ಶಪಥ ಮಾಡಿದೆ. ಮನಸ್ಸಿನಲ್ಲೇ, ಏಕೆಂದರೆ ಜೋರಾಗಿ ಮಾಡಿದ್ದರೆ ಏಟು ಬೀಳುತ್ತಿತ್ತು.

ಇನ್ನೂ ತೆರೆಯದ ಶೀಶೆಗಳನ್ನು ನೋಡಿದೆ. ಬಾಯಿಗೆ ಅಕ್ಕ ಸುತ್ತಿದ್ದ ಟೇಪು ಹಾಗೆಯೇ ಇತ್ತು. ತಟ್ಟೆ ತೊಳೆದದ್ದು ಅವಳೇ. ಸೂಜಿಯೂ ಹೊಸದು. ಉಳಿದದ್ದು ಕೊಡ. ಜಗುಲಿಗೆ ಹೋಗಿ ಕೊಡದೊಳಗೆ ಇಣುಕಿದೆ. ಅರ್ಧಕ್ಕಿಳಿದ ನೀರಿನ ಅಂಚಿನಲ್ಲಿ ಒಂದು ಹಳದಿ ಎಸಳು ಅಂಟಿತ್ತು. ಬೆರಳಿಂದ ತೆಗೆದು ಮೂಸಿದೆ. ಸೇವಂತಿಗೆ. ಹೆಮ್ಮಾಡಿಯ ಸೇವಂತಿಗೆ, ಈ ತಿಂಗಳು ಪೇಟೆಯ ತುಂಬ ಅದೇ. ಕಡಲಿನಲ್ಲಿ ಏನೇನೋ ಬೆಳೆಯುತ್ತದೆ, ಸೇವಂತಿಗೆ ಬೆಳೆಯುವುದಿಲ್ಲ.

“ಅಕ್ಕಾ! ಸಾಕ್ಷಿ ಸಿಕ್ಕಿತ್ತ್!” ಎಂದು ಎಸಳನ್ನು ಎತ್ತಿಹಿಡಿದು ಒಳಗೆ ಓಡಿದೆ.

ಗಲಾಟೆ ಕೇಳಿ ಅಜ್ಜಿ ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು. “ಎಂತಕ್ ಬೊಬ್ಬಿ ಹೊಡಿತ್ರಿ ಮಕ್ಳೆ? ಅದ್ ನಾನ್ ಹಾಕದ್ ಹೂಗಿನ್ ಎಸಳ್. ಹಾಲ್ ಎರದ್ ಮೇಲೆ ಒಂದ್ ಎಸಳ್ ಹೂಗಾರೂ ಹಾಕ್ದೆ ಇಪ್ಪುಕ್ ಆತ್ತಾ?”

“ಹಾಲಾ?” ಅಕ್ಕ ಕುರ್ಚಿಯಲ್ಲಿ ಕೂತಳು. “ಅಜ್ಜಿ, ಕೊಡಕ್ ಹಾಲ್ ಎರದ್ಯಾ?”

“ಕೊಡಕ್ ಯಾರ್ ಎರಿತ್ರ್? ಕಡ್ಲಿಗ್ ಎರದೆ.” ಅಜ್ಜಿ ನೆಮ್ಮದಿಯಾಗಿ ಮಣೆಯ ಮೇಲೆ ಕೂತು ಕಾಲು ಚಾಚಿದರು. “ಇವತ್ ಹುಣ್ಣಿಮಿ. ನಿಮ್ಮಜ್ಜ ದೋಣಿ ಮೇಲ್ ಹೋಪತಿಗಿಂದ್ಲೂ ಹುಣ್ಣಿಮಿ ಹುಣ್ಣಿಮಿಗ್ ಕಡ್ಲಿಗ್ ಹಾಲ್ ಎರದವ್ಳ್ ನಾನ್. ಈಗ ಈ ಮೊಣಗಂಟ್ ಹೊಯ್ಗಿ ಮೇಲ್ ನಡುಕ್ ಬಿಡತ್ತಿಲ್ಲೆ. ಎರಡ್ ವರ್ಷ ಆಯ್ತ್ ಕಡ್ಲ್ ಕಾಣ್ದೆ. ಇವತ್ ಕಡ್ಲೇ ಜಗ್ಲಿಗ್ ಬಂದ್ ಕೂಕಂಡಿತ್ತ್. ಸುಮ್ನೆ ಬಿಡುಕ್ ಆತ್ತಾ, ಹೇಳ್?”

ನಾನು ಎತ್ತಿಹಿಡಿದಿದ್ದ ಎಸಳನ್ನು ಕೆಳಗಿಳಿಸಿದೆ.

ಅಕ್ಕ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ತುಟಿ ಕಚ್ಚಿಕೊಂಡು ಕಣ್ಣು ಒರೆಸಿದಳು, ಆಮೇಲೆ ಕಣ್ಣು ಒರೆಸಿದ ಕೈ ಅಲ್ಲೇ ನಿಂತಿತು.

“ಹಾಲ್... ಹಾಲೊಳ್ಗೆ ಸಕ್ಕರಿ ಇತ್ತಲ,” ಎಂದಳು.

“ಅಜ್ಜಿ ಸಕ್ಕರಿ ಹಾಕಿರುಕಿಲ್ಲೆ.”

“ಹಾಕುದ್ ಬ್ಯಾಡ ಪೆದ್ದ, ಹಾಲೊಳ್ಗೇ ಇರತ್ತ್. ಪಾಚಿ ಪ್ರೋಟೀನ್ ಹಿಡ್ಕಂಬುದ್ ಎಂತದನ್ನ? ಮೊಟ್ಟಿ ಮೈ ಮೇಲಿದ್ ಸಕ್ಕರಿನ. ನೀರೊಳ್ಗೇ ಬೇರೆ ಸಕ್ಕರಿ ಸಿಕ್ರೆ?”

ನನ್ನ ತಲೆಯಲ್ಲಿ ದೀಪ ಹತ್ತಿತು. “ರೌಡಿಗಳಿಗೆ ಯಾರೋ ಗೇಟಿನ್ ಹೊರ್ಗೆ ಬಿರಿಯಾನಿ ಹಂಚಿರ್! ಎಲ್ಲ ಅಲ್ಲಿಗ್ ಓಡಿರ್! ಬಾಗ್ಲ್ ಖಾಲಿ!”

ಅಕ್ಕ ಮೊದಲ ಸಲ ನನ್ನ ಡೈಲಾಗಿಗೆ ತಲೆ ಆಡಿಸಿದಳು. “ಇರುಕೂ ಸಾಕ್. ಆದ್ರೆ ನಂದ್ ಊಹೆ ಅಷ್ಟೇ.”

ಗಂಟೆ ಹನ್ನೊಂದೂವರೆ. ಉಳಿದದ್ದು ಎರಡು ಮುಳ್ಳುಚೆಂಡು. ಕಡಲು ತುಂಬಿ ಬಂದು ಬಂಡೆಗಳು ಮುಳುಗಿದ್ದವು. ಮತ್ತೆ ನೀರಿಳಿಯುವುದು ಸಂಜೆ ಆರಕ್ಕೆ, ಸರ್ ಹೋದ ಮೇಲೆ. ಪ್ರೋಟೀನು ಉಳಿದದ್ದು ಎರಡೇ ಎರಡು ತಟ್ಟೆಗೆ. ಸರ್ ಹೇಳಿದ ಕ್ರಮದ ಪ್ರಕಾರ ಎರಡೂ ತಟ್ಟೆಗೆ ಪಾಚಿಯನ್ನೇ ಹಾಕಬೇಕು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು.

ನಾನು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದೆ. “ಅಕ್ಕ, ನಾನ್ ಹೋಯ್ ಹೊಸ ನೀರ್ ತತ್ತೆ. ಎರಡೂ ತಟ್ಟಿಗ್ ಪಾಚಿ ಹಾಕ್. ಮೂರನೇ ಸಲನೂ ಸರಿ ಬತ್ತ್. ಬೆಳಿಗ್ಗಿದ್ದ್ ಚೆಲ್ಲಿ ಬಿಡ್. ಹಾಲಿನ್ ಸುದ್ದಿ ಎತ್ಬ್ಯಾಡ. ಕೊಚ್ಚಿಗ್ ಹೋದ್ಮೇಲೆ ಎಷ್ಟ್ ಬೇಕಾರೂ ಹಾಲ್ ಎರಿ.”

“ಬೆಳಿಗ್ಗಿದ್ದ್ ಆಗ್ಲೇ ಇಲ್ಲೆ ಅಂತ ಬರಿಯುದಾ?”

“ಬರಿಯುದೇ ಬ್ಯಾಡ. ಯಾರಿಗ್ ಗೊತ್ತಾತ್ತ್?”

“ನಂಗ್ ಗೊತ್ತಿತ್ತಲ.” ಅವಳು ಐಸಿನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. “ಒಂದ್ ತಟ್ಟಿಗ್ ಪಾಚಿ. ಇನ್ನೊಂದ್ಕೆ ಪಾಚಿ, ಹಾಲ್ ಎರಡೂ. ಮತ್ತೊಂದ್ ಬರೀ ನೀರ್.”

“ಒಂದ್ ಕೆಟ್ರೆ?”

“ಕೆಟ್ರೆ ಕೊಚ್ಚಿ ಇಲ್ಲೆ.”

ಅದನ್ನು ಅವಳು ತಣ್ಣಗೆ ಹೇಳಿಬಿಟ್ಟಳು; ದೊಡ್ಡ ಪರದೆಯಲ್ಲಾದರೆ ಇದೇ ಮಾತಿಗೆ ಮೂರು ಸಲ ಗುಡುಗು ಹೊಡೆಸುತ್ತಿದ್ದರು. ನಾನು ಕೊಡ ತೊಳೆದು ಕಡಲಿಗೆ ಓಡಿದೆ.

ವಾಪಸು ಬರುವಾಗ ಒಳಗೆ ಬೇರೆಯೇ ದೃಶ್ಯ. ಅಕ್ಕ ಅಜ್ಜಿಯ ಮುಂದೆ ಕೂತು, ಕೈಯಲ್ಲಿ ಸೂಜಿಯಿಲ್ಲದ ಸಿರಿಂಜು ಹಿಡಿದಿದ್ದಳು.

“ಅಜ್ಜಿ, ಎಷ್ಟ್ ಹಾಲ್ ಎರದ್ದ್?”

“ಕಡ್ಲಿಗ್ ಎರಿಯುದನ್ನ ಯಾರಾರೂ ಅಳಿತ್ರಾ ಹೆಣೆ?”

“ಒಂದ್ಸಲ ನೀರ್ ಎರದ್ ತೋರ್ಸ್. ಬೆಳಿಗ್ಗಿ ಎರದಂಗೇ.”

ಅಜ್ಜಿ ತಮ್ಮ ಪುಟ್ಟ ಹಿತ್ತಾಳೆ ಗಿಂಡಿಯಿಂದ ಬಟ್ಟಲಿಗೆ ನೀರೆರೆದರು. ಅಕ್ಕ ಸಿರಿಂಜಿನಲ್ಲಿ ಎಳೆದು ಅಳೆದಳು. ಇಪ್ಪತ್ತು ಮಿಲಿಲೀಟರು. ಇನ್ನೊಮ್ಮೆ ಎರೆಸಿದಳು. ಇಪ್ಪತ್ತೊಂದು. ಮತ್ತೊಮ್ಮೆ. ಇಪ್ಪತ್ತು. ನಲವತ್ತು ವರ್ಷ ಒಂದೇ ಗಿಂಡಿ, ಒಂದೇ ಕೈ. ಅಕ್ಕ ನನ್ನ ಮುಖ ನೋಡಿದಳು. ಕಾಲೇಜಿನಲ್ಲಿ ಇಷ್ಟು ಸರಿಯಾಗಿ ಸುರಿಯಲು ಅವಳಿಗೆ ಒಂದು ವರ್ಷ ಹಿಡಿದಿತ್ತಂತೆ. ಒಂದು ಕೊಡಕ್ಕೆ ಇಪ್ಪತ್ತಾದರೆ ಒಂದು ತಟ್ಟೆಗೆ ಎಷ್ಟು ಎಂದು ಗುಣಿಸಿ ಭಾಗಿಸಿ ಬರೆದುಕೊಂಡಳು.

ಒಂದೂವರೆಗೆ ಉಳಿದ ಎರಡು ಮುಳ್ಳುಚೆಂಡಿಗೆ ಮದ್ದು ಚುಚ್ಚಿ ಲೋಟಗಳ ಮೇಲೆ ಬೋರಲು ಹಾಕಿದೆವು. ಎರಡೂ ಗಂಡಾದರೆ ಕತೆ ಮುಗಿಯಿತು. ಎರಡೂ ಹೆಣ್ಣಾದರೂ ಅಷ್ಟೇ. ಮೊದಲನೆಯದು ಬಿಳಿ ಬಿಟ್ಟಿತು. ಗಂಡು. ಎರಡನೆಯದು ಏನೂ ಬಿಡಲಿಲ್ಲ. ಮುಳ್ಳು ಮಾತ್ರ ಅಲ್ಲಾಡಿಸಿತು. ಐದು ನಿಮಿಷ ಕಳೆಯಿತು.

ನಾನು ಲೋಟದ ಹತ್ತಿರ ಬಗ್ಗಿ, ಭಾವ ತುಂಬಿ ಹೇಳಿದೆ: “ತಾಯೀ, ಈ ಮನೆಯ ಮಾನ ಈಗ ನಿನ್ನ ಹೊಟ್ಟೆಯಲ್ಲಿದೆ.”

“ಸುಮ್ನಿರ್ ಮಾರಾಯ,” ಎಂದಳು ಅಕ್ಕ. ಆದರೆ ಬೈಯುವ ಧ್ವನಿಯಲ್ಲಿ ಅಲ್ಲ, ಬೇಡುವ ಧ್ವನಿಯಲ್ಲಿ.

ಇನ್ನೆರಡು ನಿಮಿಷ. ಲೋಟದ ನೀರಿಗೆ ಹಳದಿ ದಾರದ ಹಾಗೆ ಒಂದು ಎಳೆ ಇಳಿಯಿತು. ಇನ್ನೊಂದು. ಅಜ್ಜಿ ದೇವರ ಕಡೆ ತಿರುಗಿ ಕೈ ಮುಗಿದರು. ನಾನೂ ಮುಗಿದೆ, ಮುಳ್ಳುಚೆಂಡಿಗೆ.

ಮೂರೂ ತಟ್ಟೆಗೆ ವೀರ್ಯ ಹನಿಸಿ ಮುಕ್ಕಾಲು ಗಂಟೆಯಾಗಿತ್ತಷ್ಟೆ, ಮಹಾಲಿಂಗ ಸರ್ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದರು. ಛತ್ರಿ, ಚರ್ಮದ ಚೀಲ, ನಗು ಇಲ್ಲದ ಮುಖ. ಅಮ್ಮ ಮಾರುಕಟ್ಟೆಯಿಂದ ಬಂದಿರಲಿಲ್ಲವಾದ್ದರಿಂದ ಬೆಲ್ಲ, ನೀರು ಕೊಟ್ಟದ್ದು ನಾನು. ಅವರು ಬೆಲ್ಲ ಬಾಯಿಗೆ ಹಾಕಿಕೊಂಡು, “ಎಲ್ಲಿದೆ?” ಎಂದರು.

ಅಕ್ಕ ನಿಂತೇ ಹೇಳಿದಳು. “ಸರ್, ಬೆಳಿಗ್ಗೆ ಮಾಡಿದ್ದು ಆಗಲಿಲ್ಲ. ಪಾಚಿ ಹಾಕಿದ ಮೊಟ್ಟೆಯೂ ಒಡೆಯಿತು.”

ಸರ್ ಕಡಿಯುವುದನ್ನು ನಿಲ್ಲಿಸಿದರು. ಅಕ್ಕ ನಿಲ್ಲಿಸಲಿಲ್ಲ. ಕೊಡ, ಹುಣ್ಣಿಮೆ, ಹಾಲು, ಎಸಳು, ಗಿಂಡಿ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಮೇಜಿನ ಮೇಲಿನ ಮೂರು ತಟ್ಟೆ ತೋರಿಸಿ, ಯಾವುದರಲ್ಲಿ ಏನಿದೆ, ಜೋಡಿ ತಟ್ಟೆ ಯಾಕಿಲ್ಲ ಎಂದೂ ಹೇಳಿದಳು.

“ಬರೀ ಹಾಲು ಹಾಕಿದ ತಟ್ಟೆ ಎಲ್ಲಿ? ಹಾಲಿನಿಂದಲೇ ಮೊಟ್ಟೆಗೆ ಏನಾದರೂ ಆದರೆ?”

“ಬೆಳಿಗ್ಗೆ ಪಾಚಿ ಹಾಕದ ತಟ್ಟೆಯಲ್ಲೂ ಅದೇ ಕೊಡದ ನೀರು ಸರ್. ಅದರಲ್ಲೂ ಹಾಲಿತ್ತು. ಮೊಟ್ಟೆಗೆ ಏನೂ ಆಗಲಿಲ್ಲ.”

“ಹೂಂ.” ಆ ಹೂಂಕಾರದಲ್ಲಿ ಒಳ್ಳೆಯದೂ ಇರಲಿಲ್ಲ, ಕೆಟ್ಟದ್ದೂ ಇರಲಿಲ್ಲ. “ಯಾವ ಹಾಲು?”

“ನಾಗು ಮನಿ ದನದ್ದ್,” ಎಂದರು ಅಜ್ಜಿ ಮಣೆಯ ಮೇಲಿಂದ. “ನೀರ್ ಬೆರ್ಸತ್ತಿಲ್ಲೆ ಮಾಷ್ಟ್ರೆ. ಒಳ್ಳೆ ಹೆಂಗ್ಸ್.”

ಮೂರು ಗಂಟೆಗೆ ಸರ್ ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬರೀ ನೀರಿನ ತಟ್ಟೆ. “ಒಡೆದಿದೆ.” ಪಾಚಿಯ ತಟ್ಟೆ. ತುಂಬ ಹೊತ್ತು ನೋಡಿದರು. ತಟ್ಟೆಯನ್ನು ಆಚೆ ಸರಿಸಿದರು, ಈಚೆ ಸರಿಸಿದರು. “ಒಂದೂ ಒಡೆದಿಲ್ಲ. ಗುಂಪುಗುಂಪಾಗಿ ಅಂಟಿಕೊಂಡಿವೆ.” ಇನ್ನುಳಿದದ್ದು ಮೂರನೆಯದು.

ಅಕ್ಕ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ನಾನು ಅವಳ ಹಿಂದೆ ನಿಂತು, ಅವಳ ಜಡೆಯನ್ನು ಎಳೆಯದೆ ಹಾಗೇ ನಿಂತಿದ್ದೆ. ಅದು ನನ್ನ ಜೀವನದ ದೊಡ್ಡ ತ್ಯಾಗ.

ಸರ್ ನೋಡಿದರು. ಬಾಯೊಳಗೇ ಎಣಿಸತೊಡಗಿದರು. ನೂರು ಮೊಟ್ಟೆ ಎಣಿಸಿರಬೇಕು. ಹೊರಗೆ ಐಸ್ ಕ್ಯಾಂಡಿಯವನು ಬಂದು, ಗಂಟೆ ಹೊಡೆದು, ಯಾರೂ ಬರದೆ ಮುಂದೆ ಹೋದ.

“ಎಂಬತ್ತಾರು ಒಡದಿತ್ತ್,” ಎಂದರು ಕೊನೆಗೆ. ಸಾಲಿಗ್ರಾಮದ ಮಾತು ಅವರಿಗೇ ಗೊತ್ತಿಲ್ಲದೆ ಹೊರಬಂದಿತ್ತು. “ಪಾಚಿ ಹಾಕಿರೂ ಎಂಬತ್ತಾರು! ಹಾಲ್ ತಡದಿತ್ತ್ ಹೆಣೆ, ಹಾಲ್ ತಡದಿತ್ತ್!”

ಆಮೇಲೆ ಸರಿಯಾಗಿ ಕೂತು, ಪ್ರಿಂಟಿನ ಕನ್ನಡಕ್ಕೆ ವಾಪಸು ಬಂದರು. ಪಾಚಿಯದ್ದು ಮೂರು ಸಲವಾಯಿತು, ಅದನ್ನು ಒಪ್ಪುತ್ತೇನೆ. ಹಾಲಿನದ್ದು ಇವತ್ತು ಸರಿಯಾಗಿ ಆದದ್ದು ಒಂದೇ ಸಲ, ಅದನ್ನು ಇನ್ನೂ ಎರಡು ಸಲ ಮಾಡಬೇಕು, ಜೋಡಿ ತಟ್ಟೆಯಿಟ್ಟು. ಹಾಲಲ್ಲಿ ತಡೆದದ್ದು ಸಕ್ಕರೆಯೋ, ಬೇರೆ ಏನಾದರೂ ಇದೆಯೋ ಎಂದು ಬಿಡಿಸಿ ನೋಡಬೇಕು. ಬೆಳಗಿನ ಕೆಟ್ಟ ಫಲಿತಾಂಶವನ್ನು ಪುಸ್ತಕದಲ್ಲಿ ಕೆಟ್ಟದ್ದೆಂದೇ ಬರೆಯಬೇಕು, ಯಾಕೆ ಕೆಟ್ಟಿತೆಂದೂ ಬರೆಯಬೇಕು. ಇಷ್ಟು ಹೇಳಿ ಚರ್ಮದ ಚೀಲದಿಂದ ಕಾಗದ ತೆಗೆದು ಪತ್ರ ಬರೆಯಲು ಕೂತರು. ಅರ್ಧ ಪುಟ ಎಂದುಕೊಂಡಿದ್ದೆವು. ಎರಡು ಪುಟ ಬರೆದರು.

ಅಕ್ಕ ಪತ್ರ ತೆಗೆದುಕೊಂಡು ಸರ್ ಕಾಲಿಗೆ ನಮಸ್ಕಾರ ಮಾಡಿದಳು. ಅಲ್ಲಿಂದ ಎದ್ದವಳು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಮ್ಮಲ್ಲಿ ‘ತಪ್ಪಾಯಿತು’ ಎಂಬುದನ್ನು ಹಾಗೆಯೇ ಹೇಳುವುದು.

“ನಂಗೂ ಒಂಚೂರ್ ತೋರ್ಸಿ ಕಾಂಬ,” ಎಂದರು ಅಜ್ಜಿ.

ಸರ್ ತಾವೇ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅಜ್ಜಿ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿದರು. ಮೊದಲು ಏನೂ ಕಾಣಲಿಲ್ಲ. ಅಕ್ಕ ತಿರುಪು ತಿರುಗಿಸಿದಳು. ಅಜ್ಜಿಯ ಬಾಯಿ ತೆರೆಯಿತು.

“ಅಬ್ಬ! ಎಷ್ಟ್ ಮಕ್ಳ್ ಮಾರಾಯ್ತಿ! ಎರಡಿದ್ದದ್ದ್ ನಾಕ್ ಆತಾ ಇತ್ತ್!”

ಅವರು ಬಹಳ ಹೊತ್ತು ನೋಡಿದರು. ಎರಡು ವರ್ಷದಿಂದ ನೋಡದಿದ್ದ ಕಡಲು ಅಲ್ಲಿ ಒಂದು ಬೆರಳಗಲದ ನೀರಲ್ಲಿ ಬಿಡಿಸಿಕೊಳ್ಳುತ್ತಿತ್ತು. ಆಮೇಲೆ ಕಣ್ಣೆತ್ತಿ, ನಮ್ಮ ಮೂವರನ್ನೂ ಸಾಲಾಗಿ ನೋಡಿದರು.

“ಅಲ್ಲ ಮಾಷ್ಟ್ರೆ, ಹುಟ್ಸುದ್ ಹುಟ್ಸಿರಿ. ಇವನ್ನೆಲ್ಲ ಸಾಕುದ್ ಯಾರ್?”

ಮಹಾಲಿಂಗ ಸರ್ ಅಕ್ಕನನ್ನು ನೋಡಿದರು. ಅಕ್ಕ ನನ್ನನ್ನು ನೋಡಿದಳು. ನನಗೆ ನೋಡಲು ಯಾರೂ ಉಳಿದಿರಲಿಲ್ಲ. ಹಾಗಾಗಿ ಸರ್ ಐದರ ಬಸ್ಸಿಗೆ ಹೊರಟಾಗ, ನಾನು ಒಡೆದ ಮೊಟ್ಟೆಗಳ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ತುಳುಕದ ಹಾಗೆ ಕಡಲಿನ ಕಡೆ ನಡೆದೆ. ಹಿಂದಿನಿಂದ ಅಜ್ಜಿ ಕೂಗುತ್ತಲೇ ಇದ್ದರು:

“ಹ್ವಾಯ್! ಮೆಲ್ಲ ಹೋಗ್ ಮಗಾ! ಬಾಲೆ ಮಕ್ಳ್ ಇದ್ದೊ!”